ಹಿಂಬಾಗಿಲಿನಿಂದ ಬಂದ ಶಿವವ್ವ

ಆ ಮಧ್ಯಾಹ್ನ ಕೋಣೆಯಲ್ಲಿ ನಾವು ಮೂವರಿದ್ದೆವು: ನಾನು, ಕಚೇರಿಯ ಸಿಪಾಯಿ ಫಕೀರಪ್ಪ, ಮತ್ತು ನಮಗೆ ದಿನಾ ರೊಟ್ಟಿ ತಂದುಕೊಡುತ್ತಿದ್ದ ಗಂಗವ್ವ. ಮೂವರೂ ಕಂಡದ್ದರಿಂದಲೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ನಾನೊಬ್ಬನೇ ಕಂಡಿದ್ದರೆ ಬಿಸಿಲಿಗೆ ತಲೆ ತಿರುಗಿತ್ತೆಂದು ಸುಮ್ಮನಾಗುತ್ತಿದ್ದೆ. ಇಂಥ ಸಂಗತಿಗಳನ್ನು ನಮ್ಮಜ್ಜಿ ಹೇಳುವಾಗ ಎದುರಿಗೇ ನಕ್ಕವನು ನಾನು.

ಎಪ್ಪತ್ತರ ದಶಕದ ನಡುವಿನ ಮಾತು. ಸವದತ್ತಿಯ ಹತ್ತಿರ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ನೀರು ಹಳ್ಳಿಗಳ ಮೇಲೆ ನಿಂತು ಬಹಳ ದಿನವಾಗಿರಲಿಲ್ಲ. ದೋಣಿ ಬಂದು ನಿಲ್ಲುವ ದಂಡೆಯಲ್ಲಿ ಒಂದು ಕೋಣೆ ಕಟ್ಟಿ, ‘ವಿಚಾರಣೆ’ ಎಂದು ಬೋರ್ಡು ಹಾಕಿ ನನ್ನನ್ನು ಕೂಡಿಸಿದ್ದರು. ನೀರು ನೋಡಲು ಬಂದವರಿಗೆ, ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಗೆ ದಾರಿ ಹೇಳುವುದು ನನ್ನ ಕೆಲಸ. ಆದರೆ ಹೆಚ್ಚಿನವರು ಕೇಳುತ್ತಿದ್ದುದೇ ಬೇರೆ: ‘ನಮ್ಮ ಬೀಗರ ಊರು ಮುಳಗೇತ್ರಿ, ಅವರು ಎಲ್ಲಿಗೆ ಹೋಗ್ಯಾರ್ರಿ?’ ಒಂದೇ ಊರಿನ ಮನೆಗಳು ಮೂರು ಕಡೆ ಹಂಚಿಹೋಗಿದ್ದವು. ಯಾವ ಮನೆತನ ಎಲ್ಲಿದೆ ಎಂಬ ಪಟ್ಟಿ ನನ್ನ ಹತ್ತಿರವಿತ್ತು.

ಕೋಣೆಗೆ ಮುಂದೆ ಆರು ಎತ್ತರದ ಮೆಟ್ಟಿಲು. ಹಿಂದೆಯೂ ಒಂದು ಬಾಗಿಲಿಟ್ಟು, ಅದಕ್ಕೆ ಮೆಟ್ಟಿಲು ಕಟ್ಟುವುದನ್ನೇ ಮರೆತಿದ್ದರು. ತೆಗೆದರೆ ಎದೆಮಟ್ಟ ಕೆಳಗೆ ಬರೀ ಜಾಲಿಕಂಟಿ. ಗಾಳಿಗೆಂದು ತೆಗೆದಿಡುತ್ತಿದ್ದೆವು. ‘ಇದು ಬೀಳಾಕಂತನ ಇಟ್ಟ ಬಾಗಲಾರಿ ಸಾಹೇಬ್ರ’ ಎಂದು ಫಕೀರಪ್ಪ ನಗುತ್ತಿದ್ದ.

ಅವತ್ತು ಮುಂಜಾನೆ ದೋಣಿಯವರು ಒಬ್ಬ ಮುದುಕಿಯನ್ನು ಇಳಿಸಿ ಹೋಗಿದ್ದರು. ಎರಡೂ ಕಾಲುಗಳಲ್ಲಿ ಬಲವಿಲ್ಲ. ಗಾಲಿ ಹಚ್ಚಿದ ಹಲಗೆಯ ಮೇಲೆ ಕೂತು, ಕೈಯಿಂದ ನೆಲ ಒತ್ತುತ್ತ ಸಾಗುವಾಕೆ. ಮೆಟ್ಟಿಲ ಕೆಳಗಿನಿಂದ ಏನೋ ಕೂಗಿ ಕೇಳಿದಳು. ನನ್ನ ಮುಂದೆ ಮಂದಿ ತುಂಬಿತ್ತು. ‘ಮ್ಯಾಲ ಬಾ ಯವ್ವಾ, ಪಟ್ಟಿ ನೋಡಿ ಹೇಳತೇನಿ’ ಎಂದೆ. ಆಕೆಯ ಕಾಲು ನೋಡಿಯೂ ಅಂದೆನೋ, ನೋಡದೆ ಅಂದೆನೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಮಧ್ಯಾಹ್ನ ಮುಂದಿನ ಬಾಗಿಲು ಮುಚ್ಚಿ ಊಟಕ್ಕೆ ಕೂತಿದ್ದೆವು. ಗಾಲಿಯ ಗರಗರ ಸದ್ದಿಗೆ ತಿರುಗಿದರೆ, ಹಿಂಬಾಗಿಲಿನ ಒಳಗೆ ಆ ಮುದುಕಿ. ಮಡಿಲಲ್ಲಿ ಹರಿದ ಗಂಟು.

‘ಹಿಂದ ಗಾಲಿಗೆ ಏರ ದಾರಿ ಛಲೋ ಮಾಡೀರಿ’ ಎಂದಳು ಏದುಸಿರು ಬಿಡುತ್ತ. ‘ಆದ್ರ ನಡುವ ಒಂದ ಕಲ್ಲ ತಲಿ ಎತ್ತೇತಿ ನೋಡ್ರಿ. ಗಾಲಿ ಬಡದು, ಗಂಟ ಹರದು, ಉಡಿ ಅಕ್ಕಿ ಎಲ್ಲಾ ಚೆಲ್ಲಿತು.’

ಗಂಗವ್ವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಆಕೆಯ ಹೆಸರು ಶಿವವ್ವ. ಒಬ್ಬಳೇ ಮಗಳು, ಏಳು ತಿಂಗಳ ಬಸುರಿ. ಮರುದಿನ ಕುಬಸ, ಅಂದರೆ ಸೀಮಂತ. ತವರಿನವರು ತಂದ ಹಸಿರು ಕುಬಸ ತೊಡಿಸಿ, ಬಳೆ ಇಡಿಸಿ ಉಡಿ ತುಂಬಬೇಕು. ಬೀಗರು ದಿನ ಹೇಳಿಕಳಿಸಿದ್ದರು, ಹೊಸ ಊರು ಯಾವುದೆಂದು ಹೇಳುವುದನ್ನು ಮರೆತಿದ್ದರು. ‘ತವರಿಂದ ಯಾರೂ ಬರಲಿಲ್ಲಂತ ನನ್ನ ಮಗಳು ನಾಕ ಮಂದ್ಯಾಗ ಅನ್ನಿಸಿಕೋಬಾರದ್ರಿ. ಅಪ್ಪಿಲ್ಲ, ಅಣ್ಣಿಲ್ಲ. ನಾ ಒಬ್ಬಾಕಿ ಅದೇನಿ.’

ಪಟ್ಟಿಯಲ್ಲಿ ಮನೆತನ ಸಿಕ್ಕಿತು. ರಾಮದುರ್ಗದ ರಸ್ತೆಯ ಹೊಸ ಊರು. ಮೂರು ಗಂಟೆಗೆ ಬಸ್ಸು. ‘ನಾನ ಮುಟ್ಟಿಸಿ ಬರತೇನಿ’ ಎಂದು ಫಕೀರಪ್ಪ ಕೈ ತೊಳೆದ. ಗಂಗವ್ವ ತನ್ನ ಮನೆಯಿಂದ ಅಕ್ಕಿ ತಂದು ಗಂಟನ್ನು ಹೊಸದಾಗಿ ಕಟ್ಟಿದಳು.

ಶಿವವ್ವ ಹಲಗೆಯನ್ನು ಹಿಂಬಾಗಿಲ ಕಡೆ ತಿರುಗಿಸಿದಳು. ಅಲ್ಲಿ ದಾರಿ ಇಲ್ಲವೆಂದೆ.

‘ಬಂದ ದಾರಿ ಇಲ್ಲಂದ್ರ ಹೆಂಗ್ರಿ? ಮುದುಕಿ ಕೂಡ ಚೇಷ್ಟಿ ಮಾಡತೀರೇನು?’ ಎಂದು ನಕ್ಕು ಹೊರಗೆ ಇಣುಕಿದವಳು ಹಲಗೆಯನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡಳು. ಹಲಗೆ ಸಮೇತ ಎತ್ತಿ ಮುಂದಿನ ಮೆಟ್ಟಿಲಿನಿಂದ ಇಳಿಸಿದೆವು. ಬಸ್ಸು ಹತ್ತುವವರೆಗೆ ನಮ್ಮ ಮುಖಗಳನ್ನೇ ನೋಡುತ್ತಿದ್ದಳು.

ಆಮೇಲೆ ಗಂಗವ್ವ, ನಾನು ಹಿಂದೆ ಹೋಗಿ ನೋಡಿದೆವು. ಜಾಲಿಕಂಟಿಯ ನಡುವೆ, ಒಂದೇ ಜಾಗದಲ್ಲಿ, ಹಿಡಿ ಅಕ್ಕಿ, ಒಂದು ಅರಿಷಿಣದ ಬೇರು. ಗಾಲಿಯ ಗುರುತಿಲ್ಲ, ಮುರಿದ ಕಂಟಿಯಿಲ್ಲ. ಯಾರಾದರೂ ಎತ್ತಿ ಒಳಗಿಟ್ಟರೇ ಎಂದು ದಂಡೆಯಲ್ಲೆಲ್ಲ ಕೇಳಿದೆ. ಯಾರೂ ಇಲ್ಲ. ಎತ್ತಿದ್ದರೂ ಆಕೆ ಅದನ್ನೇಕೆ ಮುಚ್ಚಿಡಬೇಕು? ಫಕೀರಪ್ಪ ಮರುದಿನ ಕುಬಸದ ಊಟ ಮುಗಿಸಿ, ನಮಗೂ ಹೋಳಿಗೆ ಕಟ್ಟಿಸಿಕೊಂಡು ಬಂದ. ಹಿಂದಿನ ದಾರಿ ಏರಿಯೇ ಬಂದೆನೆಂದು ಆಕೆ ಅವನ ಮುಂದೆಯೂ ಹೇಳಿದ್ದಳು.

ನನಗೆ ಮಾತ್ರ ‘ಮ್ಯಾಲ ಬಾ’ ಎಂದದ್ದೇ ಕಿವಿಯಲ್ಲಿ. ಅಣೆಕಟ್ಟಿನ ಕೆಲಸದಲ್ಲಿ ಉಳಿದ ಕಲ್ಲನ್ನು ಮೇಲಿನವರಿಂದ ಬೇಡಿ ತಂದು, ಹಿಂಬಾಗಿಲಿಗೆ ಉದ್ದನೆಯ ಇಳಿಜಾರು ಕಟ್ಟಿಸಿದೆ. ಹೂಲಿ ಊರಿನ ಗೌಂಡಿ ಕಟ್ಟಿದ. ಶಿವವ್ವನ ಮಾತನ್ನು ಅವನ ಮುಂದೆ ನಾವು ಯಾರೂ ಆಡಿರಲಿಲ್ಲ. ಕೆಲಸ ಮುಗಿದ ದಿನ ಫಕೀರಪ್ಪ ನೀರಿನ ಕೊಡಗಳ ತಳ್ಳುಗಾಡಿಯನ್ನು ಏರಿಸಿದ. ನಡುವೆ ಗಾಲಿ ಬಡಿದು ನಿಂತಿತು. ಅಕ್ಕಿ ಬಿದ್ದಿದ್ದ ಜಾಗದ ನೇರಕ್ಕೆ ಒಂದು ಕಲ್ಲು ತಲೆ ಎತ್ತಿತ್ತು.

‘ಮಟ್ಟ ಹಿಡದ ಕೂಡ್ಸಿದ್ನೆಲ್ರಿ’ ಎಂದು ಗೌಂಡಿ ನಾಚಿಕೊಂಡು, ಉಳಿ ತಂದು ಕೆತ್ತಿ ಸಮ ಮಾಡಿದ. ಫಕೀರಪ್ಪ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇದಕ್ಕೆ ನನ್ನಲ್ಲಿ ಅರ್ಥವಿಲ್ಲ. ಓದುವವರು ಏನು ತಿಳಿದರೂ ನನ್ನ ತಕರಾರಿಲ್ಲ.

ಯುಗಾದಿ ಕಳೆದ ಮೇಲೆ ಶಿವವ್ವ ಮಗಳ ಜೊತೆ ಬಂದಳು. ಮಡಿಲಲ್ಲಿ ಗಂಟಿನ ಬದಲು, ಸೆರಗಿನಿಂದ ಕಟ್ಟಿಕೊಂಡ ಕೂಸು. ಯಾರನ್ನೂ ಕೇಳದೆ ಹಿಂದಕ್ಕೆ ತಿರುಗಿ ಇಳಿಜಾರು ಏರಿದಳು. ನಡುವೆ ಬಂದಾಗ ಹಲಗೆಯನ್ನು ತುಸು ಎಡಕ್ಕೆ ಎಳೆದು ನಿಂತು, ಕೆತ್ತಿದ ಕಲ್ಲಿನ ಮೇಲೆ ಅಂಗೈ ಆಡಿಸಿದಳು.

‘ತಗಸಿದ್ರೆಲ್ರಿ ಸಾಹೇಬ್ರ’ ಎಂದಳು. ‘ಛಲೋ ಆತು ಬಿಡ್ರಿ.’