ಬರ್ತೀನಿ ಅಂದ ಮೇಲೆ ಬರಬೇಕಂತೆ

ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದು ಹೊರಗೆ ನಿಂತೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ನಾಯಿ ಇಲ್ಲ, ಸೈಕಲ್ ಇಲ್ಲ, ಯಾರ ಮನೆಯ ಬಾಗಿಲೂ ತೆರೆದಿಲ್ಲ. ಹುಲ್ಲು ಮಾತ್ರ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಒಂದೇ ಸಮ ಇತ್ತು. ಒಳಗೆ ಬಂದು ಮಗಳನ್ನು ಕೇಳಿದೆ.

"ಸವಿತಾ, ಯಾರರ ದೊಡ್ಡವ್ರು ಸತ್ತಾರೇನ? ಓಣಿ ಬಂದ್ ಆಗೇದಲ್ಲ?"

"ಯಾರೂ ಸತ್ತಿಲ್ಲಬೇ. ಇವತ್ತು ಸೋಮವಾರ, ಅಷ್ಟ."

ನಾನು ಗಜೇಂದ್ರಗಡದವಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಗಂಡ ಹೋದ ಮೇಲೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಮಗಳನ್ನು ನರ್ಸಿಂಗ್ ಓದಿಸಿದೆ. ಅವಳೀಗ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ, ವಯಸ್ಸಾದವರನ್ನು ಇಟ್ಟುಕೊಳ್ಳುವ ಒಂದು ಮನೆಯಲ್ಲಿ ನರ್ಸು. ಅಳಿಯ ಗೋಡೆಗಳಿಗೆ ಬಣ್ಣ ಹಚ್ಚುತ್ತಾನೆ. ಭೂಕಂಪದಲ್ಲಿ ಬಿದ್ದ ಊರನ್ನು ಇನ್ನೂ ಕಟ್ಟುತ್ತಲೇ ಇದ್ದಾರೆ, ಅವನಿಗೆ ಕೆಲಸಕ್ಕೆ ಬರವಿಲ್ಲ. ಮೊದಲು ಇವರು ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿದ್ದರು. ಅಲ್ಲಿ ಬೀದಿ ತುಂಬ ನಮ್ಮ ದೇಶದವರ ಅಂಗಡಿ, ಕೊತ್ತಂಬರಿ ಕೊಳ್ಳಲು ಇಂಗ್ಲಿಷ್ ಬೇಡ. ಆದರೆ ಬಾಡಿಗೆ ಕೊಟ್ಟ ಮೇಲೆ ಕೊತ್ತಂಬರಿಗೇ ಏನೂ ಉಳಿಯುತ್ತಿರಲಿಲ್ಲ. ಅದಕ್ಕೇ ಇಲ್ಲಿಗೆ ಬಂದರು. ಒಂದು ವರ್ಷ ಇದ್ದು ಬರುತ್ತೇನೆಂದು ಊರಲ್ಲಿರುವ ತಮ್ಮನಿಗೆ ಹೇಳಿ ನಾನೂ ಬಂದೆ.

ಈ ಬಡಾವಣೆಯನ್ನು ಬಿಳಿಯರು ತಮ್ಮ ಇಂಗ್ಲೆಂಡಿನ ಅಚ್ಚಿನಲ್ಲೇ ಎರಕ ಹೊಯ್ದಿದ್ದಾರೆ. ಬೀದಿಗಳಿಗೆ ಅಲ್ಲಿನ ಊರುಗಳ ಹೆಸರು, ಅಂಗಳದಲ್ಲಿ ಅಲ್ಲಿನ ಗುಲಾಬಿ. ಮನೆಗಳು ಮರದವು. ನಮ್ಮದು ಒಂದೇ ಸೂರಿನ ಕೆಳಗೆ ಎರಡು ಮನೆ, ನಡುವೆ ಒಂದು ಗೋಡೆ. ಆ ಕಡೆಯ ಅರ್ಧದಲ್ಲಿ ಮನೆಯೊಡತಿ ಡೊರೀನ್ ಒಬ್ಬಳೇ ಇರುತ್ತಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ಎಂಬತ್ತು ದಾಟಿದೆ. ಬಾಡಿಗೆ ಕಡಿಮೆ ಇದ್ದದ್ದು ಗೋಡೆ ತೆಳ್ಳಗಿದ್ದುದಕ್ಕೇ ಎಂದು ನನ್ನ ಎಣಿಕೆ.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ. ಮೂಲೆಯ ಅಂಗಡಿಗೆ ಇಲ್ಲಿ ಡೈರಿ ಅನ್ನುತ್ತಾರೆ. ಡೈರಿ ಅಂದರಲ್ಲ ಎಂದು ನಾನು ಬೆಳಿಗ್ಗೆ ಆರಕ್ಕೇ ಸ್ಟೀಲ್ ಗಿಂಡಿ ಹಿಡಿದು ಹಾಲಿಗೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತೆ. ಏಳಕ್ಕೆ ಬಾಗಿಲು ತೆಗೆದ ಅಂಗಡಿಯವನು ಗಿಂಡಿ ನೋಡಿದ, ನನ್ನನ್ನು ನೋಡಿದ, ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಹಾಲು ಕೊಟ್ಟು ಕಳಿಸಿದ. ಅಲ್ಲಿ ಸಿಗರೇಟು, ಐಸ್‌ಕ್ರೀಮು, ಬ್ರೆಡ್ಡು ಎಲ್ಲ ಇತ್ತು. ಎಮ್ಮೆಯ ಸುಳಿವೂ ಇರಲಿಲ್ಲ.

ಡೊರೀನ್ ಗುರುತಾದದ್ದು ರೊಟ್ಟಿಯಿಂದ. ಜೋಳದ ಹಿಟ್ಟು ಇಲ್ಲಿಯೂ ಸಿಗುತ್ತದೆ. ನಾನು ತಟ್ಟಲು ಕುಳಿತರೆ ಓಣಿಗೆಲ್ಲ ಕೇಳಬೇಕು, ಅದು ನನ್ನ ಕೈ. ಮೂರನೆಯ ರೊಟ್ಟಿಗೆ ಮುದುಕಿ ಕೋಲೂರಿಕೊಂಡು ಬಾಗಿಲಿಗೆ ಬಂದಳು. ಗೋಡೆಗೆ ಮೊಳೆ ಹೊಡೆಯುತ್ತಿದ್ದೇವೆಂದು ತಿಳಿದಿದ್ದಳಂತೆ. ಒಳಗೆ ಕರೆದು ಕೂರಿಸಿ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟೆ. ತಿಂದಳು. "ಲವ್ಲಿ" ಅಂದಳು. ಮರುದಿನ ತನ್ನ ಗಿಡದ ನಿಂಬೆಹಣ್ಣು ಕೊಡಲು ನನ್ನನ್ನು ಕರೆದಳು. ಹಾಗೆ ಶುರುವಾಯಿತು. ನನಗೆ ಇಂಗ್ಲಿಷಿನ ಹದಿನೈದು ಪದ ಬರುತ್ತಿದ್ದವು, ಅವಳಿಗೆ ಕನ್ನಡದ ಒಂದೂ ಇಲ್ಲ. ಆದರೂ ಮಂಡಿನೋವು, ಸತ್ತ ಗಂಡ, ದೂರದ ಮಕ್ಕಳು, ಇಷ್ಟಕ್ಕೆ ಕೈಸನ್ನೆ ಸಾಕಾಗುತ್ತದೆ. ಅವಳು ಇಂಗ್ಲೆಂಡಿನಿಂದ ಮದುವೆಯಾಗಿ ಬಂದು ಅರವತ್ತು ವರ್ಷವಾಗಿದೆಯಂತೆ. ಈಗಲೂ ಅದನ್ನೇ "ಹೋಮ್" ಅನ್ನುತ್ತಾಳೆ. ಅರವತ್ತು ವರ್ಷ ಉಂಡ ಊರನ್ನು ಬಿಟ್ಟು ಇಪ್ಪತ್ತು ವರ್ಷ ಇದ್ದ ಊರನ್ನು ಮನೆ ಅನ್ನುವುದೆಂದರೆ ಇವಳಿಗೆ ಬುದ್ಧಿ ಇಲ್ಲ ಎಂದುಕೊಂಡೆ.

ದಿನಕ್ಕೊಂದು ಸಲ ಅವಳ ಮನೆಗೆ ಹೋಗಿ ಅರ್ಧ ತಾಸು ಕುಳಿತು ಏಳುತ್ತಿದ್ದೆ. ಏಳುವಾಗ ಏನಾದರೂ ಹೇಳಬೇಕಲ್ಲ. "ಬೈ" ಅನ್ನು ಎಂದು ಸವಿತಾ ಕಲಿಸಿದ್ದಳು. ಅದು ನನ್ನ ಬಾಯಿಗೆ ಹತ್ತಲಿಲ್ಲ. ಹೋಗುತ್ತೇನೆ ಅನ್ನುವ ಮಾತು ನಮ್ಮಲ್ಲಿ ಜಗಳ ಮಾಡಿಕೊಂಡವರದ್ದು. ಆದ್ದರಿಂದ ನಮ್ಮ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ "ಐ ಕಮ್" ಅನ್ನುತ್ತಿದ್ದೆ. ಅವಳು "ಲವ್ಲಿ" ಅನ್ನುತ್ತಿದ್ದಳು. ಸರಿ, ಇದು ಅವರ "ಹೂಂ ಬಾರವಾ" ಎಂದು ತಿಳಿದು ಮನೆಗೆ ಬಂದು ಮಲಗುತ್ತಿದ್ದೆ.

ಹೀಗೆ ಮೂರು ತಿಂಗಳು. ಚಳಿ ಮೂಳೆಗೆ ಇಳಿದಿತ್ತು. ತಿಂಗಳಿಗೊಮ್ಮೆ ವೆಲಿಂಗ್ಟನ್‌ನಿಂದ ಬರುವ ಅವಳ ಮಗ ನೀಲ್ ಒಂದು ಶನಿವಾರ ಬಂದ. ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿ ಸವಿತಾಳ ಜೊತೆ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದ. ಅವನು ಹೋದ ಮೇಲೆ ಅವಳ ಮುಖ ಬಿಳಿಚಿತ್ತು.

"ಮನಿ ಮಾರ್ತಾರಂತಬೇ. ನಾವು ಬ್ಯಾರೆ ಮನಿ ನೋಡ್ಕೋಬೇಕು. ಡೊರೀನ್ ಆಂಟಿನ್ನ ವಯಸ್ಸಾದವ್ರ ಮನಿಗೆ ಸೇರಸ್ತಾರಂತ."

"ಯಾಕ? ಗಟ್ಟಿ ಅದಾಳಲ್ಲ?"

"ಮರವಿನ ರೋಗ ಹತ್ತೇದಂತ. ದಿನಾ ಎರಡು ಕಪ್ ಇಟ್ಕೊಂಡು, ಇಂಥಾ ಥಂಡ್ಯಾಗ ಬಾಗಲಾ ತಕ್ಕೊಂಡು ಯಾರ್ದೋ ದಾರಿ ಕಾಯ್ತಾಳಂತ. ಯಾರೂ ಬರಂಗಿಲ್ಲ. ಕೇಳಿದ್ರ, ಬರ್ತೀನಿ ಅಂದಾಳ, ಬರ್ತಾಳ ಅಂತಾಳಂತ."

"ಯಾರು?"

"ನೀನಂತಬೇ! ನೋಡು, ನೀ ಆಗ್ಲೇ ಬಂದು ಹೋಗಿರ್ತಿ, ಅದೂ ನೆನಪಿರಂಗಿಲ್ಲ ಆಕಿಗೆ."

ನಾನು ಅಂದೆ: "ನಾ ಅಂದೀನಿ. ದಿನಾ ಅಂತೀನಿ, ಬರ್ತೀನಿ ಅಂತ."

"ಅಂದು ಹೋಗ್ಲಿಲ್ಲ?"

"ಹೋಗಿದ್ನಲ್ಲ, ಮನಿಗೆ! ಬರ್ತೀನಿ ಅಂದ್ರ ಹೊಂಟೀನಿ ಅಂತ. ನಿನಗೂ ಮರವಿನ ರೋಗ ಹತ್ತೇದೇನ?"

ಸವಿತಾ ಹಣೆ ಬಡಿದುಕೊಂಡಳು. ನಾನು ಚಪ್ಪಲಿ ಮೆಟ್ಟಿದೆ. ನನ್ನ ಒಂದು ಮಾತಿಗೆ ಎರಡು ಒಲೆ ಆರುವುದರಲ್ಲಿದ್ದವು. ಮಗಳು ನನ್ನ ಹಿಂದೆಯೇ ಓಡಿ ಬಂದಳು.

ನೀಲ್ ಕೆಟ್ಟವನಲ್ಲ. ಕುರ್ಚಿ ಎಳೆದು ಕೊಟ್ಟ, ಸವಿತಾ ಹೇಳಿದ್ದನ್ನೆಲ್ಲ ಕೇಳಿದ, ತಲೆಯಾಡಿಸಿದ. ಆದರೆ ನಂಬಲಿಲ್ಲ. ನಿಮಗೂ ಮನೆಯ ಚಿಂತೆ ಇರುತ್ತದೆ, ನನಗೆ ಅರ್ಥವಾಗುತ್ತದೆ ಎಂದ. ಅಂದರೆ, ಅಗ್ಗದ ಬಾಡಿಗೆ ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದೀರಿ ಎಂದು. ಸವಿತಾಳ ಕಣ್ಣಲ್ಲಿ ನೀರು ಬಂತು. ನನಗೆ ಸಿಟ್ಟು ಬಂತು. ಡೊರೀನ್ ಒಂದು ಮಾತೂ ಆಡದೆ ತನ್ನ ಕೈಗಳನ್ನೇ ನೋಡುತ್ತ ಕುಳಿತಿದ್ದಳು. ಆ ಬಾಯಿಬಡಕಿ ಹಾಗೆ ಕುಳಿತದ್ದನ್ನು ನಾನು ಅದೇ ಮೊದಲು ನೋಡಿದ್ದು. ತನ್ನ ತಲೆ ಕೆಟ್ಟಿದೆ ಎಂದು ಅವಳೂ ನಂಬತೊಡಗಿದ್ದಳು.

"ಸವಿತಾ, ನಾ ಹೇಳಿದ್ದನ್ನ ಹೇಳಿದಂಗ ಹೇಳು," ಅಂದೆ. "ಇವ ಬಂದಾಗೆಲ್ಲ ಗೇಟಿನ್ಯಾಗ ನನಗ 'ಸೀ ಯು ಲೇಟರ್' ಅಂತಾನ. ಡೈರಿಯಾವನೂ ಅಂತಾನ. ಬಸ್ಸಿನಾವನೂ ಅಂತಾನ. ಆಮ್ಯಾಲ ನೋಡ್ತೀನಿ ಅಂತ ಅರ್ಥ ಹೌದಿಲ್ಲ? ಯಾರು ಬಂದು ನನ್ನ ಮಾರಿ ನೋಡ್ಯಾರ? ನಾ ಏನರ ಬಸ್ಸಿನಾವನ ಸಲುವಾಗಿ ಚಾ ಇಟ್ಕೊಂಡು ಕುಂತೀನೇನ? ಕೇಳು ಅವನ್ನ!"

ಸವಿತಾ ನಾಲಿಗೆ ಕಚ್ಚಿಕೊಂಡು ಹೇಳಿದಳು. ಆಗ ಡೊರೀನ್ ಎದ್ದು, ಗೋಡೆಯ ಮೇಲಿದ್ದ ಹಕ್ಕಿ ಚಿತ್ರದ ಕ್ಯಾಲೆಂಡರ್ ಕಿತ್ತು ಮಗನ ತೊಡೆಯ ಮೇಲೆ ಒಗೆದಳು. ತಾರೀಖಿನ ಒಂದೊಂದು ಚೌಕದಲ್ಲೂ ಇರುವೆ ಸಾಲಿನಂಥ ಬರಹ. ಅವನು ಓದಿದ, ಸವಿತಾ ಕನ್ನಡ ಮಾಡಿದಳು. "ಮಂಗಳವಾರ, ಶಾಂಟಿ ಉಪ್ಪಿನಕಾಯಿ ತಂದಳು, ಮತ್ತೆ ಬರುತ್ತೇನೆ ಅಂದಳು." ಹೌದು, ಶಾಂತವ್ವ ಅವಳ ಬಾಯಲ್ಲಿ ಶಾಂಟಿ. "ಗುರುವಾರ, ಶಾಂಟಿಯ ಎಡಗಾಲು ನೋವು, ಬೇಗ ಎದ್ದಳು, ಮತ್ತೆ ಬರುತ್ತೇನೆ ಅಂದಳು." ಅದೂ ಹೌದು. ನಡುವೆ ಒಂದು ದಿನ ಖಾಲಿ ಇತ್ತು.

"ಅವತ್ತು ನಮ್ಮ ಅಳಿಯಗ ಜ್ವರ, ನಾ ಹೋಗಿದ್ದಿಲ್ಲ," ಅಂದೆ.

ನೀಲ್ ಕೊನೆಯ ತನಕ ಓದಿ ಕ್ಯಾಲೆಂಡರ್ ಕೆಳಗಿಟ್ಟ. ಮರೆವಿನ ರೋಗ ಹತ್ತಿದವಳು ಬರೆದ ಲೆಕ್ಕ ಅದಾಗಿರಲಿಲ್ಲ. ಅವನಿಗೂ ಅದು ಕಾಣಿಸಿತು. ಅವನು ತಾಯಿಯ ಭುಜ ಹಿಡಿದು "ಸಾರಿ, ಮಮ್" ಅಂದ. ಅವಳು ಕೈ ಕೊಡವಿ ನನ್ನ ಕಡೆ ತಿರುಗಿದಳು. ಆಗ ಬೈದಳು ನೋಡಿ! ಇಂಗ್ಲಿಷಾದರೇನು, ಬೈಗಳು ಪೂರ್ತಿ ತಿಳಿಯಿತು. ಅವಳು ಮುಗಿಸಿದ್ದನ್ನು ಸವಿತಾ ಸಣ್ಣದಾಗಿ ಹೇಳಿದಳು: "ಬರ್ತೀನಿ ಅಂದ್ರ ಬರಬೇಕಂತ, ಇಲ್ಲಾಂದ್ರ ಅನಬಾರದಂತ. ನಾಳೆಯಿಂದ ಮೂರು ಗಂಟೆಕ್ಕ."

ಮನೆ ಮಾರುವ ಮಾತು ನಿಂತಿತು. ಈ ವರ್ಷಕ್ಕಂತೂ ನಿಂತಿತು. ಎಂಬತ್ತು ದಾಟಿದವಳ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನ ಭರವಸೆ ಯಾರೂ ಕೊಡಲಾರರು. ನಾನು ದಿನಾ ಮೂರಕ್ಕೆ ಹೋಗುತ್ತೇನೆ. ಒಂದು ನಿಮಿಷ ತಡವಾದರೆ ಗೋಡೆ ಕುಟ್ಟುತ್ತಾಳೆ. ಈಗ ನನಗೆ ಇಂಗ್ಲಿಷಿನ ನೂರು ಪದ ಬರುತ್ತವೆ, ಬಸ್ಸಿನಲ್ಲಿ ಒಬ್ಬಳೇ ಪೇಟೆಗೆ ಹೋಗಿ ಬರುತ್ತೇನೆ. ಬೀದಿಯ ಸದ್ದಿಲ್ಲದಿರುವಿಕೆಗೆ ಹೆದರುವುದು ಬಿಟ್ಟಿದ್ದೇನೆ. ಇಲ್ಲಿ ಜನ ಸತ್ತಿಲ್ಲ, ಒಳಗಿದ್ದಾರೆ. ಬಾಗಿಲು ನಾವು ತಟ್ಟಬೇಕು, ಅಷ್ಟೇ. ನಮ್ಮ ಓಣಿಯಲ್ಲಿ ತಟ್ಟುವ ಮೊದಲೇ ಒಳಗೆ ಬಂದಿರುತ್ತಾರೆ; ಅದೂ ಎಲ್ಲ ಸಲ ಸುಖವಲ್ಲ.

ವರ್ಷ ತುಂಬಿದರೂ ನಾನು ಊರಿಗೆ ಹೋಗಲಿಲ್ಲವೆಂದು ತಮ್ಮ ಫೋನಿನಲ್ಲಿ ಒದರಿದ. "ಯಾವಾಕಿನೋ ಬಿಳಿ ಮುದುಕಿ ಕಾಯ್ತಾಳಂತ ಊರು ಬಿಡ್ತೀಯೇನಕ್ಕಾ?" ಊರು ಬಿಟ್ಟಿಲ್ಲ ಎಂದು ತೋರಿಸಲು ದೀಪಾವಳಿಗೆ ಹೋದೆ. ಆರು ತಿಂಗಳು ಇರು ಎಂದರು, ಆರು ವಾರಕ್ಕೆ ಒಪ್ಪಿಕೊಂಡೆ. ಓಣಿಯವರೆಲ್ಲ ಬಂದು ಕುಳಿತರು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ಗದ್ದಲ. ಹೊಟ್ಟೆ ತುಂಬಿತು. ಆದರೆ ಕ್ರೈಸ್ಟ್‌ಚರ್ಚ್‌ನಲ್ಲಿ ಮಧ್ಯಾಹ್ನದ ಮೂರು ಹೊಡೆದಾಗ ಊರಲ್ಲಿ ಬೆಳಗಿನ ಏಳೂವರೆ. ತಮ್ಮನ ಹೆಂಡತಿ ಚಹಾ ತಂದು ಮುಂದಿಡುವುದೂ ಅದೇ ಹೊತ್ತಿಗೆ. ನಾಲ್ಕನೆಯ ದಿನವೋ ಐದನೆಯ ದಿನವೋ, ನಾನು ಲೋಟ ಮುಟ್ಟದೆ ಕುಳಿತದ್ದನ್ನು ಅವಳು ನೋಡಿದಳು.

"ಏನ್ ಲೆಕ್ಕಾ ಹಾಕ್ತೀಯವಾ?"

"ಅಲ್ಲಿ ಈಗ ಮೂರು ಹೊಡದಿರ್ತೈತಿ."

"ಅಲ್ಲಿದ್ದಾಗ ಇಲ್ಲೀದು, ಇಲ್ಲಿದ್ದಾಗ ಅಲ್ಲೀದು," ಅಂದಳು ಅವಳು. "ಚಾ ಆರ್ತದ. ಕುಡಿ ಮೊದಲ."