ನಾನು ಮಾರಿದ ಹಳೆ ಚಪ್ಪಲಿ

ನಾನು ತೆಗೆದಷ್ಟು ಫೋಟೋಗಳನ್ನು ನಮ್ಮ ಚಿಕ್ಕೋಡಿಯಲ್ಲಿ ಇನ್ನಾರೂ ತೆಗೆದಿರಲಾರರು. ಆದರೆ ಅವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಬೆಳಕಿಗೆ ಹಿಡಿದು ನೋಡಿ, ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಏಕೆಂದರೆ ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ವಾರವಿಡೀ "ಉಸಿರು ಹಿಡೀರಿ, ಬಿಡ್ರಿ" ಎನ್ನುತ್ತ ಜನರ ಎಲುಬು ತೆಗೆದು ಬೇಸತ್ತು, ಭಾನುವಾರವಾದರೂ ಚರ್ಮದ ಹೊರಗಿನದನ್ನು ತೆಗೆಯೋಣವೆಂದು ಕ್ಯಾಮೆರಾ ಕೊಂಡೆ.

ಹವ್ಯಾಸ ಅಷ್ಟಕ್ಕೇ ನಿಲ್ಲಬೇಕಲ್ಲ! ನಾಲ್ಕು ಚಿತ್ರ ಚೆನ್ನಾಗಿ ಬಂದದ್ದೇ ತಡ, ಅವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಮಾರುವ ಹುಚ್ಚು ಹತ್ತಿತು. ನೆಂಟರಿಷ್ಟರು ಕೊಂಡರೆ ಅದು ದಾಕ್ಷಿಣ್ಯ. ಗುರುತಿಲ್ಲದವರೊಬ್ಬರು ತಾವಾಗಿ ಕೇಳಿ ಒಯ್ದರೆ ನಾನು ಛಾಯಾಗ್ರಾಹಕಿ, ಇಲ್ಲವಾದರೆ ದೀಪಾವಳಿಗೆ ಕ್ಯಾಮೆರಾವನ್ನೇ ಮಾರಿಬಿಡುವುದು ಎಂದು ನಮ್ಮ ಮನೆಯವರೆದುರು ಶಪಥ ಮಾಡಿಬಿಟ್ಟೆ. ಅವರು ಅಂದಿನಿಂದ ಕ್ಯಾಲೆಂಡರಿನ ಮೇಲೆ ವಿಪರೀತ ಆಸಕ್ತಿ ತೋರಿಸತೊಡಗಿದರು.

ನನ್ನ ಭರವಸೆಯೆಲ್ಲ ಒಂದೇ ಚಿತ್ರದ ಮೇಲಿತ್ತು. ಅಥಣಿಯ ಯಲ್ಲಪ್ಪಜ್ಜ ಊರಿಗೆಲ್ಲ ಹೊಸ ಚಪ್ಪಲಿ ಹೊಲಿದು, ತಾವು ಮಾತ್ರ ತೇಪೆಯ ಮೇಲೆ ತೇಪೆ ಬಿದ್ದ ಹಳೆಯದನ್ನೇ ಮೆಟ್ಟುತ್ತಾರೆ. ಹೊಸ್ತಿಲಾಚೆ ಬಿಟ್ಟಿದ್ದ ಆ ಜೋಡಿಯ ಮೇಲೆ ಬಿಸಿಲು ನನಗೆ ಬೇಕಾದಂತೆ ಬೀಳಲೆಂದು ಮೂರು ಭಾನುವಾರ ನೆಲದ ಮೇಲೆ ಬೋರಲು ಮಲಗಿ ಕಾದೆ. ಕಡೆಗೂ ಸಿಕ್ಕ ಚಿತ್ರವನ್ನು ಎಕ್ಸ್‌ರೇ ಕೋಣೆಯ ಹೊರಗೆ ತೂಗುಹಾಕಿದೆ.

ಮೊಣಕಾಲು ತೋರಿಸಲು ಬಂದ ಬೋರಗಾಂವದ ಮಗ್ಗದ ಮಾಲಕರು ಭರಮಣ್ಣ ಅದರ ಮುಂದೆ ನೋವು ಮರೆತು ನಿಂತರು. ಹೊಸ ಮನೆ ಕಟ್ಟಿಸಿದ್ದೇನೆ, ಇದು ಬೇಕೇ ಬೇಕು ಎಂದರು. ಚೌಕಾಸಿ ಮಾಡಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು. ಮಳೆಗೆ ತಡೆಯುತ್ತದೆಯೇ ಎಂದಷ್ಟೇ ಕೇಳಿದರು. ಎಂಥ ಜೋಪಾನದ ಮನುಷ್ಯ ಎಂದುಕೊಂಡು, ಗಾಜಿನ ಅಂಚಿಗೆಲ್ಲ ಅಂಟು ಬಳಿಸಿ ಕೊಟ್ಟೆ. ವಾಸ್ತುಶಾಂತಿಗೂ ಕರೆದರು. ಪಡಸಾಲೆಯಲ್ಲಿ ನನ್ನ ಚಿತ್ರ, ಅದರ ಕೆಳಗೆ ನಾನು, ಸುತ್ತ ಹೊಗಳುವ ಜನ. ಬಸ್ಸಿನುದ್ದಕ್ಕೂ ಇದೇ ಕನಸು ಕಂಡೆ.

ಗೇಟಿನಲ್ಲೇ ಕಾಲು ನಿಂತವು. ತಲೆಬಾಗಿಲ ಮೇಲೆ ಒಂದು ಬದಿಗೆ ಬೂದುಗುಂಬಳ, ಇನ್ನೊಂದು ಬದಿಗೆ ಲಿಂಬೆಹಣ್ಣು ಮೆಣಸಿನಕಾಯಿ. ನಡುವೆ ನನ್ನ ಚಿತ್ರ, ಅದೂ ತಲೆಕೆಳಗಾಗಿ. ಯಾರೂ ಹೇಳದೆಯೇ ಉಸಿರು ಹಿಡಿದೆ, ಬಿಡುವುದು ಮರೆತೆ. ನನ್ನ ಮೂರು ಭಾನುವಾರಗಳನ್ನು ದೃಷ್ಟಿ ತಾಗದಿರಲೆಂದು ಕಟ್ಟಿದ್ದರು! ಜೊತೆಗೆ ಬಂದಿದ್ದ ನಮ್ಮ ಮನೆಯವರು ಪಕ್ಕದಲ್ಲಿ ಸುಳ್ಳು ಕೆಮ್ಮು ಕೆಮ್ಮಿದರು. ನನಗೆ ಅಳುವೇ ಬಂತು.

ನಮ್ಮಲ್ಲಿ ಚಪ್ಪಲಿಯ ನಸೀಬೇ ವಿಚಿತ್ರ. ಮಠದಲ್ಲಿ ಪಾದುಕೆಯಾದರೆ ಹೂವು ಏರುತ್ತದೆ, ಮನೆಯಲ್ಲಿ ಹೊಸ್ತಿಲು ದಾಟುವಂತಿಲ್ಲ, ಹರಿದ ಮೇಲೆ ಲಾರಿಯ ಹಿಂದೆ ಕಾವಲಿಗೆ ನಿಲ್ಲುತ್ತದೆ. ಇದೆಲ್ಲ ಗೊತ್ತಿದ್ದೂ ಹೊಸ ಮನೆಯವರಿಗೆ ಹಳೆ ಚಪ್ಪಲಿ ಮಾರಿದವಳು ನಾನೇ.

ಭರಮಣ್ಣನವರು ಸಂಭ್ರಮದಿಂದ ಎದುರುಗೊಂಡರು. ಹಳೆ ಚಪ್ಪಲಿ ಕಟ್ಟಲೇಬೇಕೆಂದು ತಾಯಿಯ ಹಟವಂತೆ, ಹೊಸ ಮನೆಯ ಅಂದ ಕೆಡುತ್ತದೆಂದು ಹೆಂಡತಿಯ ಸಿಟ್ಟಂತೆ. ನನ್ನ ಚಿತ್ರ ಇಬ್ಬರನ್ನೂ ಒಪ್ಪಿಸಿತಂತೆ. ನೆಟ್ಟಗಾದರೂ ಹಾಕಿ ಎಂದು ಬೇಡಿದೆ. ಹಾಗೆ ಹಾಕಿದರೆ ಕೆಲಸ ಮಾಡುವುದಿಲ್ಲವಂತೆ.

"ಮುಂಜಾನಿಂದ ನೋಡಾಕತ್ತೀನ್ರಿ ಅಕ್ಕಾರ," ಎಂದರು. "ಬಂದಾವ್ರೆಲ್ಲಾ ಮನಿ ಬಿಟ್ಟು ಇದನ್ನ ನೋಡಾಕತ್ತಾರ. ಒಬ್ಬರ ನದರೂ ಮನಿಗೆ ಹತ್ತಿಲ್ಲ."

ತಿರುಗಿ ನೋಡಿದೆ. ಹೌದು! ಕೆತ್ತನೆಯ ಬಾಗಿಲು, ಹೊಳೆಯುವ ನೆಲ ಎಲ್ಲ ಬಿಟ್ಟು ಬಂದವರೆಲ್ಲ ಕತ್ತು ಓರೆ ಮಾಡಿ ನಿಲ್ಲುತ್ತಿದ್ದರು. ಮುದುಕಿಯೊಬ್ಬಳು ಬೆರಳಾಡಿಸುತ್ತ ಹೊಲಿಗೆಗಳನ್ನು ಎಣಿಸುತ್ತಿದ್ದಳು. ಜನರ ಕಣ್ಣು ಹಿಡಿದು ನಿಲ್ಲಿಸುವುದಲ್ಲದೆ ಚಿತ್ರಕ್ಕೆ ಬೇರೇನು ಕೆಲಸ? ಗೋಡೆಯ ಒಳಗಾದರೇನು, ಹೊರಗಾದರೇನು ಎಂದು ಸಮಾಧಾನ ಮಾಡಿಕೊಂಡು ಊಟಕ್ಕೆ ಕೂತೆ.

ಆದರೆ ಯಲ್ಲಪ್ಪಜ್ಜನಿಗೆ ಹೇಳುವುದು ಹೇಗೆ? ಮುಂದಿನ ಭಾನುವಾರ ಅಥಣಿಗೆ ಹೋಗಿ, ತಡವರಿಸುತ್ತ ಎಲ್ಲ ಒಪ್ಪಿಸಿದೆ. ಅಜ್ಜ ಕೈಯ ಹೊಲಿಗೆ ನಿಲ್ಲಿಸಿ, ಎಷ್ಟು ಎತ್ತರಕ್ಕೆ ಹಾಕಿದ್ದಾರೆ ಎಂದು ಕೇಳಿದರು. ಕೈ ಮೇಲೆತ್ತಿ ತೋರಿಸಿದೆ.

"ನಾ ಹೊಲಿದದ್ದನ್ನ ಎಲ್ಲಾರೂ ತಲಿ ಬಗ್ಗಿಸೇ ನೋಡ್ಯಾರ ಯವ್ವಾ," ಎಂದರು. "ತಲಿ ಎತ್ತಿ ನೋಡಿದಾವ್ರು ಇವರೇ ಮೊದಲು."

ದೀಪಾವಳಿ ಬಂತು, ಹೋಯಿತು. ಕ್ಯಾಮೆರಾ ಮನೆಯಲ್ಲೇ ಇದೆ. ನನ್ನಲ್ಲಿ ಉಳಿದಿದ್ದ ಇನ್ನೊಂದು ಪ್ರತಿಯನ್ನು ಮೊನ್ನೆ, ಮನೆಯಲ್ಲಿ ಯಾರೂ ಇಲ್ಲದಾಗ, ತಲೆಕೆಳಗಾಗಿ ಹಿಡಿದು ನೋಡಿದೆ. ಸುಳ್ಳೇಕೆ ಹೇಳಲಿ, ಹಾಗೇ ಇನ್ನೂ ಚೆನ್ನಾಗಿ ಕಾಣುತ್ತದೆ.