ಒಂದೇ ಸಲ ಕೇಳುವ ರೂಲು

ಗೆಸ್ಟ್ ಒಮ್ಮೆ ಬೇಡ ಅಂದರೆ ಮತ್ತೆ ಕೇಳಬಾರದು ಅನ್ನೋದು ನಮ್ಮ ಚೆಟ್ಟಳ್ಳಿ ರೆಸಾರ್ಟಿನ ಮ್ಯಾನೇಜರ ರೂಲು. ಎಂಥ ಮನೆಯಲ್ಲಿ ಬೆಳೆದರೋ ಕಾಣೆ. ಮೊದಲ ಮಾತಿಗೇ 'ಹೂಂ, ಬಡಿಸಿ' ಅನ್ನುವವರು ನಮ್ಮ ಕಡೆ ಉಂಟಾ?

ಇರಾನಿನ ಹಮದಾನ್ ಎಂಬ ಹಳೇ ಬೆಟ್ಟದೂರಿನಿಂದ ವಯಸ್ಸಾದ ಟೀಚರಮ್ಮ ಒಬ್ಬರು ಬಂದಿದ್ದರು. ಕಾಫಿ ಕೊಡಲಾ ಅಂತ ಕೇಳಿದರೆ ನಕ್ಕು ಬೇಡ ಅಂದರು, ಅಕ್ಕಿರೊಟ್ಟಿಗೂ ಬೇಡ ಅಂದರು. ಇಡೀ ದಿನ ರೂಮಿನಲ್ಲಿಟ್ಟಿದ್ದ ಬಾಳೆಹಣ್ಣಲ್ಲೇ ಕಳೆದರು. ನನಗೆ ತಡೆಯಲಾಗಲಿಲ್ಲ. ಮಾರನೇ ಬೆಳಿಗ್ಗೆ ರೂಲು ಹಾಳಾಗಲಿ ಅಂತ ಬಿಡದೆ ಕೇಳಿದೆ. ಮೂರನೇ ಸಲಕ್ಕೆ ತಟ್ಟೆ ಮುಂದೆ ಸರಿಸಿದರು.

ತಿಂದಾದ ಮೇಲೆ ಇಂಗ್ಲಿಷಿನಲ್ಲಿ ಹೇಳಿದರು: "ಮೊದಲ ಸಲಕ್ಕೇ ಒಪ್ಪಿಕೊಂಡರೆ ನಮ್ಮಲ್ಲಿ ಮರ್ಯಾದೆ ಅಲ್ಲ. ಹಿಮ ಬೀಳುವ ನಮ್ಮ ಬೆಟ್ಟದ ಬಂಡೆ ಮೇಲೆ ಹಳೇ ರಾಜರು ಒಂದೇ ಮಾತನ್ನು ಮೂರು ಭಾಷೆಯಲ್ಲಿ ಕೊರೆಸಿದ್ದಾರೆ. ರಾಜರಿಗೇ ಅಷ್ಟು ತಾಳ್ಮೆ. ನೀವು ನಿನ್ನೆ ಒಂದೇ ಸಲ ಕೇಳಿ ಹೊರಟುಬಿಟ್ಟಿರಿ."

ಮಧ್ಯಾಹ್ನ ಮ್ಯಾನೇಜರು ನನ್ನನ್ನು ಕರೆಸಿ, ಗೆಸ್ಟಿಗೆ ಕಾಟ ಕೊಟ್ಟೆ ಅಂತ ಊಟದ ಹೊತ್ತು ಮೀರುವ ತನಕ ಬೈದರು. ಆಮೇಲೆ ತಮ್ಮ ಕ್ಯಾರಿಯರ್ ಬಿಚ್ಚುತ್ತಾ, "ನೀನೂ ಊಟ ಮಾಡ್ತೀಯಾ?" ಅಂದರು.

ಅಮ್ಮ ಕಲಿಸಿದ ಹಾಗೆ, "ಬೇಡ ಸಾರ್" ಅಂದೆ.

ಪುಣ್ಯಾತ್ಮ ಎರಡನೇ ಸಲ ಕೇಳಲೇ ಇಲ್ಲ.